ಡೆಲ್ಫ್ಟ್ ಭರಣಿಗೆ ನಾಲಿಗೆ

ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ಡಾಕ್ಟರಾಗಿರುವ ಮಗಳು, ನಾನು ಊರಿಂದ ತಂದ ಮಿಡಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿಟ್ಟಿದ್ದಾಳೆ. ನಾನು ವಾಪಸು ಹೊರಡುವ ಮೊದಲು ಅದಕ್ಕೊಂದು ಭರಣಿ ಆಗಲೇಬೇಕು. ಇವತ್ತು ಅವಳನ್ನು ಬರ್ಮಿಂಗ್‌ಹ್ಯಾಮ್‌ನ ಹಳೆ ಸಾಮಾನಿನ ಸಂತೆಗೆ ಎಳೆದುಕೊಂಡೇ ಬಂದೆ.

ಬಿಳಿಯ ಮೇಲೆ ನೀಲಿ ಹಕ್ಕಿ, ನೀಲಿ ಬಿದಿರು ಬರೆದಿದ್ದ ಭರಣಿಯೊಂದು ಕಣ್ಣಿಗೆ ಬಿತ್ತು.

"ಚೀನಾದ್ದಲ್ವಂತಮ್ಮ. ಚೀನಾದ್ದು ನೋಡಿ ಡಚ್ಚರು ಮಾಡಿದ್ದಂತೆ, ಡೆಲ್ಫ್ಟ್ ಅಂತ," ಎಂದಳು ಮಗಳು, ಅಂಗಡಿಯಾಕೆಯನ್ನು ಕೇಳಿ.

ಬಾಯಂಚಿನಲ್ಲಿ ಒಂದು ಚಕ್ಕೆ ಹಾರಿತ್ತು. ಒಳಗೆ ಪಿಂಗಾಣಿಯೇ ಅಲ್ಲ, ಮಾಸಲು ಹಳದಿ ಮಣ್ಣು! ಅಲ್ಲಿಗೆ ನಾಲಿಗೆ ತಾಗಿಸಿದೆ. ಅಂಟಿಕೊಂಡಿತು. ನೀರು ಹೀರುವ ಮಣ್ಣು ಹಾಗೇ ಅಂಟುತ್ತದೆ. ಅದರಲ್ಲಿ ಉಪ್ಪುನೀರು ನಿಲ್ಲುವುದಿಲ್ಲ.

"ಅಮ್ಮಾ, ಎಲ್ರೂ ನೋಡ್ತಿದಾರೆ!"

"ನೋಡ್ಲಿ. ಚೆಂದ ಇದೆ, ಆದ್ರೆ ಉಪ್ಪಿನಕಾಯಿಗೆ ಆಗಲ್ಲ ಅಂತ ಹೇಳು."

ಮಗಳು ಹೇಳಿದಳು. ಅಂಗಡಿಯಾಕೆ ನಕ್ಕು, ಮೇಜಿನಡಿಯಿಂದ ಕಂದು ಬಣ್ಣದ ಒರಟು ಜಾಡಿಯೊಂದನ್ನು ತೆಗೆದಳು. ಅವಳ ಅಜ್ಜಿ ಅದರಲ್ಲೇ ಈರುಳ್ಳಿ ಉಪ್ಪಿನಕಾಯಿ ಹಾಕುತ್ತಿದ್ದರಂತೆ. ಜಾಡಿಯನ್ನು ಬೋರಲು ಮಾಡಿ, ಮೆರುಗಿಲ್ಲದ ತಳವನ್ನು ನನ್ನ ಬಾಯಿಯ ಹತ್ತಿರಕ್ಕೇ ಹಿಡಿದಳು.

ಮಗಳು ಮುಖ ತಿರುಗಿಸಿದಳು. ನಾನು ನೆಕ್ಕಿದೆ.

ಅಂಟಲಿಲ್ಲ.