ಗಿರಾಕಿಯ ಕಡೆಗೆ ತಿರುಗಿದ ಪರದೆ

ಬೀದರಿನ ಮೈಲೂರಿನಲ್ಲಿ ಇರಮಳ ಫ್ಲೆಕ್ಸ್ ಅಂಗಡಿಯಿದೆ. ಅಲ್ಲಿ ಗಿರಾಕಿಯ ಕುರ್ಚಿಯ ಎದುರಿಗೇ ಒಂದು ಮಾನಿಟರು. ಇರಮ ಒತ್ತಿದ ಪ್ರತಿ ಅಕ್ಷರ ಅದರಲ್ಲಿ ಮೂಡುತ್ತದೆ. ಗಿರಾಕಿ ಎಲ್ಲವನ್ನೂ ಗಟ್ಟಿಯಾಗಿ ಓದಿ ‘ಹೂಂ’ ಅನ್ನುವವರೆಗೆ ಆಕೆ ಪ್ರಿಂಟಿಗೆ ಕಳಿಸುವುದಿಲ್ಲ. ಜನ ಇದನ್ನು ಒಳ್ಳೆಯ ಅನುಕೂಲ ಅನ್ನುತ್ತಾರೆ. ಆದರೆ ಆ ಎರಡನೇ ಪರದೆ ಬಂದದ್ದು ಸಿಟ್ಟಿನಿಂದ.

ಮೊದಲು ಇರಮ ಅದೇ ರಸ್ತೆಯ ಇನ್ನೊಂದು ಬದಿಯಲ್ಲಿ, ಬದ್ರೋದ್ದೀನನ ಅಂಗಡಿಯಲ್ಲಿ ಡಿಸೈನು ಮಾಡುತ್ತಿದ್ದಳು. ಮನೆಯ ಮಾತು ದಖ್ಖನಿಯಾದರೂ ಓದಿದ್ದು ಕನ್ನಡ ಶಾಲೆಯಲ್ಲಿ. ಬದ್ರೋದ್ದೀನನಿಗೆ ಕನ್ನಡ ಮಾತು ಸರಾಗ, ಓದು ಮಾತ್ರ ಅಷ್ಟಕ್ಕಷ್ಟೇ. ಒಂದು ಮಧ್ಯಾಹ್ನ ಆಕೆ ಊಟಕ್ಕೆ ಹೋಗಿದ್ದಾಗ ಔರಾದ ತಾಲೂಕಿನ ಸಂತಪುರದಿಂದ ಅವಸರದ ಆರ್ಡರು ಬಂತು. ಅಲ್ಲಿನ ಪಂಚಾಯಿತಿ ಸದಸ್ಯ ಹಾವಗೆಪ್ಪನ ಹುಟ್ಟುಹಬ್ಬದ ಬ್ಯಾನರು. ಬದ್ರೋದ್ದೀನ ಹಳೆಯ ಫೈಲೊಂದನ್ನು ತೆಗೆದು, ಫೋಟೋ ಬದಲಿಸಿ, ಹೆಸರು ಅಂಟಿಸಿ ಮಷಿನ್ನಿಗೆ ಕೊಟ್ಟುಬಿಟ್ಟ. ಮೇಲಿನ ಸಾಲು ಹಾಗೇ ಉಳಿಯಿತು: ‘ಭಾವಪೂರ್ಣ ಶ್ರದ್ಧಾಂಜಲಿ’.

ಮರುದಿನ ಬೆಳಿಗ್ಗೆ ಸಂತಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಬ್ಯಾನರು ತೂಗುತ್ತಿತ್ತು; ರಾತ್ರಿ ಕತ್ತಲಲ್ಲಿ ಕಟ್ಟಿದವರು ಓದಿರಲಿಲ್ಲ. ತವರಿನಿಂದ ಬಂದು ಬಸ್ಸಿಳಿದ ಹಾವಗೆಪ್ಪನ ಹೆಂಡತಿ ಅನುಸೂಯಾಬಾಯಿ ಅದನ್ನು ನೋಡಿ ಅಲ್ಲೇ ಎಚ್ಚರ ತಪ್ಪಿ ಬಿದ್ದಳು.

ಮಧ್ಯಾಹ್ನದೊಳಗೆ ಹಾವಗೆಪ್ಪ ಜೀಪಿನ ತುಂಬ ಜನರನ್ನು ಕರೆದುಕೊಂಡು ಬೀದರಿಗೆ ಬಂದ. ಬದ್ರೋದ್ದೀನ ಬೆರಳು ಮಾಡಿ ತೋರಿಸಿದ್ದು ಇರಮಳನ್ನು.

“ಈಕೀನೇ ಮಾಡಿದಾಕಿ ನೋಡ್ರಿ. ಉರ್ದು ಓದಿದ ಹುಡುಗಿ, ಕನ್ನಡ ಎಲ್ಲಿ ಬರ್ತದರಿ?”

ಇರಮ ನಡೆದದ್ದನ್ನು ಹೇಳಲು ಬಾಯಿ ತೆರೆದಳು. ಹಾವಗೆಪ್ಪ ಕೇಳಲಿಲ್ಲ. ರಸ್ತೆಯ ಜನರೆಲ್ಲ ನಿಂತು ನೋಡುತ್ತಿರುವಾಗ ಅವನು ಆಡಿದ ಮಾತುಗಳನ್ನು ಇರಮ ತಾಯಿ ಮುನ್ನಿಬೀಗೆ ಇವತ್ತಿಗೂ ಹೇಳಿಲ್ಲ. ಆ ಗಲಾಟೆಯ ವಿಡಿಯೋ ಫೋನಿಂದ ಫೋನಿಗೆ ಹೋಯಿತು. ಭಾಲ್ಕಿಯಲ್ಲಿ ಆಕೆಗೆ ಸಂಬಂಧ ನಿಶ್ಚಯವಾಗಿತ್ತು. ನಡುಬೀದಿಯಲ್ಲಿ ಬೈಸಿಕೊಂಡ ಹುಡುಗಿ ಬೇಡವೆಂದು ಅವರು ಹೇಳಿಕಳಿಸಿದರು. ಕೆಲಸವೂ ಹೋಯಿತು.

ಆಕೆ ಅಳಲಿಲ್ಲ. ಬದ್ರೋದ್ದೀನನ ಎದುರಿಗೇ ಮಳಿಗೆ ಹಿಡಿದಳು. ಬೇರೆ ಓಣಿಯಲ್ಲಿ ಜಾಗ ಸಿಗುತ್ತಿದ್ದರೂ ಒಲ್ಲೆ ಅಂದಳು. ಪ್ರಿಂಟಿಂಗ್ ಮಷಿನ್ನನ್ನು ಅಣ್ಣ ದಾನಿಶ ನೋಡಿಕೊಳ್ಳುವುದೆಂದಾಯಿತು. ಆಕೆಗೆ ಬೇಕಾಗಿದ್ದದ್ದು ಎರಡು ಪರದೆ: ಒಂದು ತನಗೆ, ಒಂದು ಗಿರಾಕಿಗೆ. ‘ಇವಳೇ ಮಾಡಿದಾಕಿ’ ಎಂದು ಇನ್ನೊಮ್ಮೆ ಯಾರೂ ಬೆರಳು ತೋರಿಸಬಾರದು.

ಎರಡು ಪರದೆಗಳೇನೋ ಸಿಕ್ಕವು, ಎರಡೂ ಒಟ್ಟಿಗೆ ಕಂಪ್ಯೂಟರಿಗೆ ಹೊಂದಲಿಲ್ಲ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಬೆನ್ನಿಗೆ ಪರದೆಯ ವಾಯರಿಗೆಂದು ಒಂದು ಎಚ್‌ಡಿಎಂಐ ಕಿಂಡಿ. ಪಕ್ಕದಲ್ಲಿ ಒಂದು ಮೂಲೆ ಕತ್ತರಿಸಿದಂಥ ಡಿಸ್‌ಪ್ಲೇ ಪೋರ್ಟ್. ಹೊಸ ಮಾನಿಟರಿಗೆ ಎಚ್‌ಡಿಎಂಐ ಇತ್ತು, ಅದು ಕೂಡಲೇ ಹತ್ತಿಕೊಂಡಿತು. ಮನೆಯಲ್ಲಿದ್ದ ಹಳೆಯ ಮಾನಿಟರಿಗೆ ಮಾತ್ರ ಸೂಜಿಯಂಥ ಕಡ್ಡಿಗಳ ನೀಲಿ ವಿಜಿಎ ವಾಯರೊಂದೇ ಗತಿ. ಬೀದರಿನ ಕಂಪ್ಯೂಟರ್ ಅಂಗಡಿಯವನು ವಿಜಿಎ, ಎಚ್‌ಡಿಎಂಐ ಎರಡನ್ನೂ ಜೋಡಿಸುವ ಒಂದು ಕನ್ವರ್ಟರ್ ಕೊಟ್ಟ. ಇದ್ದೊಂದು ಎಚ್‌ಡಿಎಂಐ ವಾಯರನ್ನೇ ಕಿತ್ತು ಅದಕ್ಕೆ ಸಿಕ್ಕಿಸಿ ನೋಡಿದರು. ಎಲ್ಲ ಗಟ್ಟಿಯಾಗಿ ಕೂತಿತು, ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’.

ದಾನಿಶ ಬೇಸತ್ತ. “ಒಂದೇ ಪರದಿ ಸಾಕು ಬಿಡು. ಊರಾಗ ಯಾರ ಬಲ್ಲಿ ಎರಡು ಅವ?”

“ಬದ್ರೋದ್ದೀನನ ಬಲ್ಲೀನೂ ಒಂದೇ ಇತ್ತು” ಅಂದಳು ಇರಮ.

ಬೀದರಿನಲ್ಲಿ ಬೇರೆ ಯಾರ ಹತ್ತಿರವೂ ಬೇಕಾದದ್ದು ಸಿಗಲಿಲ್ಲ. ಭಾಲ್ಕಿಯಲ್ಲಿ ಸಿಗಬಹುದು ಎಂದರು. ಇನ್ನು ಕಾಲಿಡುವುದಿಲ್ಲ ಎಂದುಕೊಂಡಿದ್ದ ಊರಿಗೆ ಆಕೆ ಬಸ್ಸು ಹತ್ತಿದಳು. ಅಲ್ಲಿ ಕಂಪ್ಯೂಟರ್ ಸಾಮಾನು ಮಾರುವ ನಂದಕುಮಾರ ಕನ್ವರ್ಟರನ್ನು ತಿರುಗಿಸಿ ನೋಡಿ, ಫೋನಿನಲ್ಲಿದ್ದ ಕಂಪ್ಯೂಟರಿನ ಬೆನ್ನಿನ ಫೋಟೋ ನೋಡಿದ.

“ಇದು ಉಲ್ಟಾ ಅದ ನೋಡ್ರಿ ಅಕ್ಕಾರ. ಹಳೇ ಕಂಪ್ಯೂಟರಿನಿಂದ ಹೊಸಾ ಟಿವಿಗಿ ಹೋಗೂದು. ನಿಮಗ ಬೇಕಾದ್ದು ಹೊಸದ್ರಿಂದ ಹಳೇದಕ್ಕ. ಎಚ್‌ಡಿಎಂಐ ಹೊಸಾ ಮಾನಿಟರಿಗೇ ಇರ್ಲಿ. ಆ ಇನ್ನೊಂದು ಕಿಂಡಿಗಿ ಇದು ಹಾಕ್ರಿ.” ಡಿಸ್‌ಪ್ಲೇ ಪೋರ್ಟಿನಿಂದ ವಿಜಿಎಗೆ ಹೋಗುವ ಗಿಡ್ಡ ವಾಯರೊಂದನ್ನು ಕೊಟ್ಟ.

ಸಂಜೆ ಅದನ್ನು ಸಿಕ್ಕಿಸಿದಾಗ ಹಳೆಯ ಪರದೆ ಒಮ್ಮೆ ಮಿಣುಕಿ ಬೆಳಗಿತು. ಎರಡರಲ್ಲೂ ಒಂದೇ ಚಿತ್ರ ಬರುವಂತೆ ಸೆಟಿಂಗ್ ಬದಲಿಸಿ, ಇರಮ ‘ಶ್ರದ್ಧಾಂಜಲಿ’ ಎಂದು ಟೈಪು ಮಾಡಿದಳು. ಆಚೆಯ ಪರದೆಯಲ್ಲೂ ಅದೇ ಪದ ಮೂಡಿತು. ರಸ್ತೆಯಾಚೆ ಬದ್ರೋದ್ದೀನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ. ಆಕೆ ಅವನನ್ನೇ ದಿಟ್ಟಿಸಿ ನೋಡಿದಳು, ಆಮೇಲೆ ಅಕ್ಷರ ಅಳಿಸಿದಳು.

ವರ್ಷ ತುಂಬುವಷ್ಟರಲ್ಲಿ ಬದ್ರೋದ್ದೀನನ ಗಿರಾಕಿಗಳು ರಸ್ತೆ ದಾಟತೊಡಗಿದರು. “ನಮಗೂ ತೋರಿಸಿ ಬರೀರಿ, ಎದುರಿನ ಅಂಗಡ್ಯಾಗ ತೋರಿಸ್ತಾರ” ಎಂದು ಅವನ ಮುಖಕ್ಕೇ ಹೇಳಿದವರಿದ್ದರು. ಅವನ ಹೊಸ ಡಿಸೈನರ್ ಕೆಲಸ ಬಿಟ್ಟ. ಮಷಿನ್ನೂ ಕೆಟ್ಟು ನಿಂತಿತು. ಅಂಥದ್ದರಲ್ಲೇ ಅವನ ಮಗಳು ನಾಜಿಯಾಳ ನಿಕಾಹ್ ಬಂತು. ಶಾದಿಮಹಲಿನ ಬಾಗಿಲಿಗೆ ಸ್ವಾಗತದ ಬ್ಯಾನರು ಬೇಕು. ಬೇರೆ ದಾರಿ ಕಾಣದೆ ಅವನು ಇರಮಳ ಅಂಗಡಿಗೆ ಬಂದ. ಒಳಗೆ ಇನ್ನೂ ಕೆಲವು ಗಿರಾಕಿಗಳು ಕಾಯುತ್ತ ಕೂತಿದ್ದರು.

ಅವರಿಬ್ಬರ ನಡುವೆ ಯಾವಾಗಲೂ ದಖ್ಖನಿ. ಅವತ್ತು ಇರಮ ಬೇಕೆಂದೇ ಕನ್ನಡದಲ್ಲಿ ಮಾತಾಡಿದಳು. ಕೂತವರೆಲ್ಲರಿಗೂ ತಿಳಿಯಬೇಕಾಗಿತ್ತು.

“ಕೂಡ್ರಿ. ನಾ ಬರೀತೀನಿ, ನೀವು ಓದ್ರಿ.”

ಉರ್ದು ಸಾಲನ್ನು ಅವನು ಸರಸರ ಓದಿದ. ಕನ್ನಡದ ಸಾಲು ಬಂದಾಗ ತಡವರಿಸಿದ. ಮೇಲಾಗಿ ಶಾದಿಮಹಲಿನವರ ಫೋನು ಬೇರೆ ಬರುತ್ತಿತ್ತು.

“ಓದೂದೇನದ, ಪ್ರಿಂಟ್ ಕೊಡು. ನಿನ್ನ ಕೈಯಾಗ ತಪ್ಪು ಆಗಂಗಿಲ್ಲ, ನಂಗ ಗೊತ್ತಿಲ್ಲೇನು?”

ಇರಮ ಕೀಬೋರ್ಡಿನಿಂದ ಕೈ ತೆಗೆದಳು.

“ಅಂದ್ರ, ಹಾವಗೆಪ್ಪಾರ ಬ್ಯಾನರ್?”

ಅವನು ದನಿ ತಗ್ಗಿಸಿದ. “ಆ ಮಾತು ಈಗ ಯಾಕ ಬೇಟಿ? ನಾಳಿ ನಿಕಾಹ್ ಅದ.”

“ಬೇಟಿ ಅನಬ್ಯಾಡ್ರಿ. ನಂದೂ ನಿಕಾಹ್ ಆಗೂದಿತ್ತು.” ಆಕೆ ಹಾವಗೆಪ್ಪನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. “ನಾ ಇರಮ ಮಾತಾಡ್ಲತ್ತೀನ್ರಿ. ಜೀವ ಇದ್ದವರಿಗಿ ಶ್ರದ್ಧಾಂಜಲಿ ಬರ್ದಾಕಿ ಅಂದಿದ್ರಲ್ಲ, ಅದೇ ಇರಮ. ಬದ್ರೋದ್ದೀನ ಸಾಹೇಬರು ನಿಮಗೊಂದು ಮಾತು ಹೇಳ್ತಾರಂತ.”

ಬದ್ರೋದ್ದೀನ ಬಾಗಿಲ ಕಡೆ ನೋಡಿದ. ಪರದೆಯ ಮೇಲೆ ಮಗಳ ಹೆಸರಿತ್ತು. “ಹೇಳಿದ್ರ ಪ್ರಿಂಟ್, ಇಲ್ಲಂದ್ರ ಇಲ್ಲ” ಎಂದಳು ಇರಮ.

“ಹಾವಗೆಪ್ಪಾರ, ಆ ಬ್ಯಾನರ್ ನಾ ಮಾಡಿದ್ದರಿ” ಎಂದ ಕೊನೆಗೆ. “ಈ ಹುಡುಗಿ ಊಟಕ್ಕ ಹೋಗಿದ್ಲು. ಹಳೇ ಫೈಲಿನಾಗ ಮ್ಯಾಲಿನ ಸಾಲು ನಾ ಓದಲಿಲ್ಲ.”

ಫೋನಿನಿಂದ ಹಾವಗೆಪ್ಪನ ದನಿ: “ಆವತ್ತ ನಾ ಆಕಿಗಿ ಏನೇನ್ ಅಂದೀನಿ, ನೀ ಬಾಜೂಕ ನಿಂತು ಕೇಳಲತ್ತಿದ್ದಿ. ಬಾಯಿ ಬಿಡ್ಲಿಲ್ಲಲ್ಲೋ! ತಂಗೀ, ನಂದೂ...”

“ನಿಮ್ಮದು ಫೋನಿನಾಗ ಬ್ಯಾಡ್ರಿ. ಎಲ್ಲಿ ಅಂದಿದ್ರಿ, ಅಲ್ಲೇ ಬಂದು ಹೇಳ್ರಿ” ಎಂದು ಇರಮ ಫೋನಿಟ್ಟಳು.

ಬ್ಯಾನರನ್ನು ಆಕೆ ಚೆಂದವಾಗಿಯೇ ಮಾಡಿಕೊಟ್ಟಳು. ನಾಜಿಯಾಳ ಮೇಲೆ ಆಕೆಗೆ ಯಾವ ಸಿಟ್ಟೂ ಇರಲಿಲ್ಲ.

ಮುಂದಿನ ವಾರ ಹಾವಗೆಪ್ಪ ಹೆಂಡತಿಯನ್ನು ಕರೆದುಕೊಂಡು ಬಂದು, ರಸ್ತೆಯ ಮೇಲೆ ನಿಂತು, ಜನ ಕೇಳುವಂತೆ ತಪ್ಪೊಪ್ಪಿಕೊಂಡ. ಅನುಸೂಯಾಬಾಯಿ ಇರಮಳ ಕೈ ಹಿಡಿದು ಅತ್ತಳು. ಭಾಲ್ಕಿಯವರು ಮತ್ತೆ ಮಾತು ಕಳಿಸಿದರು. ಇರಮ ಅವರಿಗೆ ಉತ್ತರವನ್ನೇ ಕೊಡಲಿಲ್ಲ.

“ಮದುವಿ ಮನಿಯಾಂವಗ ಹಂಗ ಮಾಡಬಾರದಿತ್ತು” ಎಂದು ಮುನ್ನಿಬೀ ಈಗಲೂ ಒಮ್ಮೊಮ್ಮೆ ಅನ್ನುತ್ತಾಳೆ. ಮಾಡಿದ್ದು ಸರಿಯೇ ಎಂದು ಇರಮ ವಾದಿಸುವುದಿಲ್ಲ, ಆದರೆ ಆ ದಿನ ನೆನೆದಾಗ ಹೊಟ್ಟೆ ತಣ್ಣಗಾಗುತ್ತದೆ ಎಂದು ಮುಚ್ಚಿಡದೆ ಹೇಳುತ್ತಾಳೆ. ಓಣಿಯಲ್ಲಿ ಎದುರಾದಾಗ ಬದ್ರೋದ್ದೀನನೇ ಮೊದಲು ಸಲಾಂ ಹೇಳುತ್ತಾನೆ. ಆಕೆ ದುಪಟ್ಟಾ ಸರಿಮಾಡಿಕೊಂಡು ಮುಂದೆ ಹೋಗುತ್ತಾಳೆ.