ಈರುಳ್ಳಿ ಮಡಿಗೆ ಮೂರು ಪಾವು ಬಾರ್ಲಿ

ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ದಿನವೂ ಬೇಲಿಯ ಮೇಲಿಂದ "ಮಾರ್ನಿಂಗ್, ಲವ್" ಅನ್ನುತ್ತಿದ್ದರು. ಮನೆಯವರನ್ನು ಬಿಟ್ಟರೆ ಹಗಲಿನಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರು ಅವರೊಬ್ಬರೇ. ಹೀಗಿರುವಾಗ ನಮ್ಮ ಯಜಮಾನರು ಮೆಂತ್ಯದ ಮಡಿಗೆ ಪೈಪು ಬಿಟ್ಟು, ಮರೆತು, ಆಫೀಸಿನ ಮೀಟಿಂಗಿಗೆ ಕೂತರು. ನೀರು ಬೇಲಿಯಡಿ ನುಗ್ಗಿತು. ತರಕಾರಿ ಪ್ರದರ್ಶನಕ್ಕೆಂದು ಅಜ್ಜ ಸಾಕಿದ್ದ, ತೆಂಗಿನಕಾಯಿ ಗಾತ್ರದ ಈರುಳ್ಳಿಗಳೆಲ್ಲ ಮುಳುಗಿದವು. ಮಾರನೆಯ ದಿನದಿಂದ ಬೇಲಿಯಾಚೆ ಬರೀ ಅಜ್ಜನ ಟೋಪಿ ಓಡಾಡುತ್ತಿತ್ತು, ಮಾತಿಲ್ಲ.

"ಸಾರಿ ಅಂತ ಮೆಸೇಜ್ ಹಾಕಿದೀನಲ್ಲ," ಎಂದರು ಇವರು.

ಆಗ ಮಗಳಿಗೆ ಶಾಲೆಯಲ್ಲಿ ಸುಮೇರಿಯನ್ನರ ಪಾಠ. ನಾಲ್ಕು ಸಾವಿರ ವರ್ಷಗಳ ಹಿಂದೆ, ಈಗಿನ ಇರಾಕಿನಲ್ಲಿದ್ದ ಊರ್ ಎಂಬ ನಗರದ ಅರಸ ಮಣ್ಣಿನ ಹಲಗೆಗಳ ಮೇಲೆ ಕಾನೂನು ಬರೆಸಿದ್ದನಂತೆ. ಮೂಗು ಕೊಯ್ದರೆ ಇಷ್ಟು ಬೆಳ್ಳಿ, ಹಲ್ಲು ಮುರಿದರೆ ಇಷ್ಟು, ಪಕ್ಕದವನ ಹೊಲಕ್ಕೆ ನೀರು ನುಗ್ಗಿಸಿದರೆ ಇಷ್ಟು ಬಾರ್ಲಿ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಎಲ್ಲದಕ್ಕೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಅಷ್ಟೇ.

"ಅಪ್ಪಾ, ಯು ಫ್ಲಡೆಡ್ ಹಿಸ್ ಫೀಲ್ಡ್. ಸೋ ಯು ಪೇ ಬಾರ್ಲಿ," ಎಂದಳು.

ಇವರು ಫೋನಿನಲ್ಲಿ ಆ ಕಾಲದ ಅಳತೆ ಹುಡುಕಿ ಬೆವರಿದರು. "ಇದಕ್ಕೆ ಲಾರಿ ತರಿಸ್ಬೇಕು ಕಣೇ!"

ಮಡಿ ಚಿಕ್ಕದೆಂದು ವಾದಿಸಿ ಮಗಳನ್ನು ಮೂರು ಪಾವಿಗೆ ಒಪ್ಪಿಸಿದರು. ಅಂಗಡಿಯಿಂದ ಬಾರ್ಲಿ ತಂದು, ಪಾವಿನ ಕಂಠಕ್ಕೆ ಒಂದು ಬೆರಳು ಕಡಿಮೆ ತುಂಬಿದರು. ಅರಸ ಅಳತೆಯ ಮೋಸವನ್ನೂ ನಿಲ್ಲಿಸಿದ್ದನಂತೆ. ಮಗಳು ಇನ್ನಷ್ಟು ಸುರಿಸಿ, ಸ್ಕೇಲಿನಿಂದ ಮಟ್ಟ ಮಾಡಿದಳು.

ಸ್ಟೀಲ್ ಡಬ್ಬಿ ಹಿಡಿದು ಮೂವರೂ ಹೋದೆವು. ಬಾಗಿಲು ತೆರೆದ ಅಜ್ಜನಿಗೆ ಮಗಳು ನೀರಿನಿಂದ ಮೂಗಿನವರೆಗೆ ಎಲ್ಲ ಕಾನೂನನ್ನೂ ಒಪ್ಪಿಸಿದಳು. ಅವರು ನಗಲಿಲ್ಲ. ಅವಳ ಹಿಂದೆ ಅವಿತಿದ್ದ ಇವರನ್ನು ದಿಟ್ಟಿಸಿ, "ನಿಮ್ಮಪ್ಪನ ಮೂಗಿಗೆ ಎಷ್ಟಾಗುತ್ತೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಸಿಲ್ವರ್. ಲಾಟ್ಸ್."

"ದುಬಾರಿಯಾಯ್ತು," ಎಂದು ಡಬ್ಬಿ ತೆಗೆದುಕೊಂಡು ಬಾಗಿಲು ಹಾಕಿದರು.

ಆ ವಾರವೆಲ್ಲ ಟೋಪಿಯೇ. ಭಾನುವಾರ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯ ಮೇಲೆ ನಮ್ಮ ಡಬ್ಬಿ ಬಂತು. ಒಳಗೆ ಬಿಸಿಬಿಸಿ ಬಾರ್ಲಿ ಸೂಪು, ಅದರಲ್ಲಿ, ನಮ್ಮ ನೀರಿಗೆ ಮುಳುಗಿ ಸತ್ತ ಅದೇ ಈರುಳ್ಳಿ. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಅಜ್ಜನಿಗೆ ಯಾರು ಹೇಳಿಕೊಟ್ಟರೋ!

"ಮಾರ್ನಿಂಗ್, ಲವ್."

ನಾನು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಮಾರ್ನಿಂಗ್ ಅಂದೆ. ಅವರು ಟೋಪಿ ಸರಿಪಡಿಸಿಕೊಂಡು, ಮೆಲ್ಲಗೆ ಸೇರಿಸಿದರು: "ನನ್ನ ಬೆಕ್ಕು ನಿಮ್ಮ ಮೆಂತ್ಯದ ಮಡಿ ಕೆರೆದುಹಾಕಿದೆ. ಜಡ್ಜಮ್ಮ ಎದ್ದಿದ್ದಾಳಾ?"