ಒಡಪಿಲ್ಲದೆ ಬಂದ ಹೆಸರು

ಪರದೇಶದ ಬೆರ್ರಿಯೆಸಾ ಎಂಬ ಊರಿನಲ್ಲಿ ನೆಲೆಸಿದ ಉಮಾಶ್ರೀ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಎರಡೇ ಸಲ. ಒಮ್ಮೆ ಗದಗಿನಲ್ಲಿ ಮದುವೆಯ ದಿನ, ಇನ್ನೊಮ್ಮೆ ಈ ಊರಿನಲ್ಲಿ ಮನೆ ಹೊಕ್ಕ ದಿನ. ಎರಡೂ ಸಲ ಹೆಂಗಸರೆಲ್ಲ ಸೇರಿ ಬಾಗಿಲು ತಡೆದು, ಒಡಪು ಹೇಳಿದರಷ್ಟೇ ಒಳಗೆ ಎಂದು ಹಟ ಹಿಡಿದಿದ್ದರು. ಒಡಪು ಅಂದರೆ ಗಂಡನ ಹೆಸರನ್ನು ಪ್ರಾಸದ ಮಡಿಕೆಯಲ್ಲಿ ಸುತ್ತಿ ಹೇಳುವ ಎರಡು ಸಾಲು. 'ಬೆಳ್ಳಿ ಬಟ್ಟಲದಾಗ ಬೆಲ್ಲ ಕೊಬ್ಬರಿ, ಶಿವಪ್ರಸಾದರ ಹೆಸರು ಹೇಳ್ತೀನಿ ಬಾಗಿಲ ಬಿಡರಿ' ಎಂದು ಒದರಿ ಅವಳು ಒಳಗೆ ಓಡಿದ್ದಳು. ಉಳಿದಂತೆ ಎಲ್ಲ ವರ್ಷಗಳೂ 'ಇವರು', 'ನಮ್ಮನಿಯವರು' ಎನ್ನುವುದರಲ್ಲೇ ಸಾಗಿದವು. ಬ್ಯಾಂಕಿನಲ್ಲಾಗಲಿ, ಕಡೆಗೆ ಆಸ್ಪತ್ರೆಯ ಕೌಂಟರಿನಲ್ಲಾಗಲಿ ಗಂಡನ ಹೆಸರೇನು ಎಂದು ಕೇಳಿದರೆ, ಪರ್ಸಿನಿಂದ ಅವನ ಕಾರ್ಡು ತೆಗೆದು ಮುಂದೆ ಹಿಡಿಯುತ್ತಿದ್ದಳು. ಕೇಳಿದವರು ಓದಿಕೊಳ್ಳುತ್ತಿದ್ದರು.

ಅವಳು ಕೆಲಸಕ್ಕಿದ್ದದ್ದು ಟ್ರೇನಿನಲ್ಲಿ ಎರಡು ಸ್ಟಾಪು ಆಚೆ, ಯಹೂದಿಗಳ ಪ್ರಾರ್ಥನಾ ಮಂದಿರವೊಂದರ ಆಫೀಸಿನಲ್ಲಿ. ಅದಕ್ಕೆ ಸಿನಗಾಗು ಅನ್ನುತ್ತಾರೆ, ಗುರುವಿಗೆ ರಬ್ಬಿ ಅನ್ನುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಆ ಮಂದಿರದ ಬೀಗದ ಕೈ ಎಲ್ಲಿದೆ, ಯಾರ ಮೊಮ್ಮಗಳಿಗೆ ಕಡಲೆಕಾಯಿ ಆಗದು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ತೀರಿಹೋದವರ ಡ್ರಾಯರು ನೋಡಿಕೊಳ್ಳುವುದೂ ಅವಳದೇ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಆ ವಾರ ಯಾರು ಯಾರು ತೀರಿದ ದಿನ ಬರುತ್ತದೋ ಅವರ ಹೆಸರುಗಳನ್ನು ಅವಳು ಆರಿಸಿ ಕೊಡಬೇಕು, ರಬ್ಬಿ ಶನಿವಾರ ಬೆಳಗ್ಗೆ ಸಭೆಯಲ್ಲಿ ಓದಬೇಕು. ಆಮೇಲೆ ಮನೆಯವರು ಎದ್ದು ನಿಂತು ಪ್ರಾರ್ಥನೆ ಹೇಳುತ್ತಾರೆ, ಕೂತವರು ದನಿಗೂಡಿಸುತ್ತಾರೆ. ದಿನದ ಲೆಕ್ಕ ಅವರದು ಚಂದ್ರನ ಮೇಲೆ. ಹೊತ್ತು ಮುಳುಗಿದರೆ ಮರುದಿನ ಶುರುವಾದಂತೆ. ಹಾಗಾಗಿ ಕತ್ತಲಾದ ಮೇಲೆ ಪ್ರಾಣ ಬಿಟ್ಟವರ ಕಾರ್ಡಿನ ಮೂಲೆಯಲ್ಲಿ ರಬ್ಬಿ ಲೆನರ್ಡ್ ಒಂದು ಸಣ್ಣ ಚಂದ್ರನನ್ನು ಬರೆಯುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಉಮಾಶ್ರೀಯ ಗಂಡ ಎದೆನೋವು ಬಂದು ತೀರಿಕೊಂಡ. ಮಣ್ಣು ಮಾಡುವಾಗ ಗುಂಡಿ ಮುಚ್ಚಲು ಮಶೀನು ಸದ್ದು ಮಾಡುತ್ತ ನಿಂತಿತ್ತು. ರಬ್ಬಿ ಲೆನರ್ಡ್ ಅದನ್ನು ನಿಲ್ಲಿಸಿ ಎಂದು ಹೇಳಿ, ಸಲಿಕೆಯನ್ನು ಬೋರಲು ಹಿಡಿದು, ಅದರ ಬೆನ್ನಿನಿಂದ ಮೊದಲ ಮಣ್ಣು ಹಾಕಿದರು. ಈ ಕೆಲಸಕ್ಕೆ ಕೈಗೆ ಮನಸ್ಸಿಲ್ಲ ಎಂದು ತೋರಿಸುವ ಪದ್ಧತಿ ಅದು. ಈಚೆಯಿಂದ ಅತ್ತೆ ಶರಣವ್ವ ವಿಭೂತಿಯನ್ನೂ ಬಿಲ್ವಪತ್ರೆಯನ್ನೂ ಬಿಟ್ಟಳು. ಉಮಾಶ್ರೀ ನಿಂತು ನೋಡಿದಳು. ಹಲ್ಲಿನ ಡಾಕ್ಟರು ಸೂಜಿ ಹಾಕಿದ ಮೇಲೆ ದವಡೆ ಹೇಗಿರುತ್ತದೋ ಹಾಗಿದ್ದಳು. ಆ ಸೂಜಿಯ ಗುಣ ಆಮೇಲೆ ಇಳಿಯಲೇ ಇಲ್ಲ. ಅಡುಗೆ ಮಾಡಿದಳು, ಆಫೀಸಿಗೆ ಹೋದಳು, ಗಿಡಕ್ಕೆ ನೀರು ಹಾಕಿದಳು.

ಕೆಲಸಕ್ಕೆ ಮರಳಿದ ದಿನ ರಬ್ಬಿ ಅವಳ ಮೇಜಿನ ಹತ್ತಿರ ಬಂದು, ಹೊತ್ತು ಮುಳುಗುವ ಮುಂಚೆಯೋ ಆಮೇಲೆಯೋ ಎಂದಷ್ಟೇ ಕೇಳಿದರು. ಆಮೇಲೆ ಎಂದಳು. ಅವರು ತಮ್ಮ ಕೈಯಿಂದಲೇ ಕಾರ್ಡು ಬರೆದು ಮೂಲೆಗೊಂದು ಚಂದ್ರ ಇಟ್ಟು ಡ್ರಾಯರಿಗೆ ಹಾಕಿದರು. ಅಂದಿನಿಂದ ವರ್ಷಕ್ಕೊಮ್ಮೆ ಆ ಸಭೆಯಲ್ಲಿ ಶಿವಪ್ರಸಾದನ ಹೆಸರು ಬರುತ್ತಿತ್ತು. ಬಾಯಿಗೆ ಹೊಂದದೆ ತುಂಡು ತುಂಡಾಗಿ ಬರುತ್ತಿತ್ತು, ಆದರೂ ಬರುತ್ತಿತ್ತು. ಶರಣವ್ವ ಹಣೆತುಂಬ ವಿಭೂತಿ ಬಳಿದುಕೊಂಡು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದಳು. ಇಂಗ್ಲಿಷು ಅವಳಿಗೆ ತಿಳಿಯದು, ಮಗನ ಹೆಸರೊಂದು ತಿಳಿದರೆ ಸಾಕಿತ್ತು. ನಮ್ಮೂರಾಗೂ ಇಷ್ಟು ಮಂದಿ ಎದ್ದು ನಿಂತು ಕೇಳತಿದ್ದಿಲ್ಲ ಎನ್ನುತ್ತಿದ್ದಳು.

ಈ ವರ್ಷ ರಬ್ಬಿ ಲೆನರ್ಡ್ ನಿವೃತ್ತರಾಗುವುದು ಗೊತ್ತಾಯಿತು. ಮೂವತ್ತೊಂದು ವರ್ಷವಾಗಿತ್ತು, ಮಂಡಿ ನೋವಿತ್ತು. ಜೂನ್ ಕೊನೆಗೆ ಅವರು ಹೊರಡುವುದು, ಜುಲೈಗೆ ರಬ್ಬಿ ತಾಲ್ಯಾ ಎಂಬ ಮೂವತ್ತೆಂಟರ ಹೆಣ್ಣುಮಗಳು ಬರುವುದು. ಹೊಸಬರು ಬೇರೂರುವ ತನಕ ಹಳಬರು ಒಂದು ವರ್ಷ ಆ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಅವರ ಕಟ್ಟುಪಾಡು. ಮನೆಯಲ್ಲಿ ಇದನ್ನು ಹೇಳಿದಾಗ ಸೊಪ್ಪು ಸೋಸುತ್ತಿದ್ದ ಶರಣವ್ವ ತಲೆ ಎತ್ತಲಿಲ್ಲ.

"ಶಾಣ್ಯಾ ಇದ್ದಾರ ಬಿಡು. ನಮ್ಮ ಮಠದಾಗ ಹಳೇ ಅಯ್ಯ ಮೂಲ್ಯಾಗ ಕೂತು ಕೆಮ್ಮಿದ್ರ ಸಾಕು, ಹೊಸಾ ಅಯ್ಯಗ ಗಂಟಲಾ ಕಟ್ಟತಿತ್ತು," ಎಂದಳು. ಆಮೇಲೆ, "ಆ ಹುಡುಗಿ ನಮ್ಮ ಹುಡುಗನ ಹೆಸರು ಓದತಾಳಲ್ಲ?"

"ಓದತಾರ್ರಿ ಅತ್ತಿ," ಎಂದಳು ಉಮಾಶ್ರೀ.

ಅದು ಅರ್ಧ ಸುಳ್ಳು. ಗುರುಗಳು ಬದಲಾಗುವ ಹೊತ್ತಿನಲ್ಲಿ ಎಲ್ಲವನ್ನೂ ಒಪ್ಪ ಮಾಡಬೇಕೆಂದು ಕಮಿಟಿಯವರು ಡ್ರಾಯರಿನ ಹೆಸರುಗಳನ್ನು ಕಂಪ್ಯೂಟರಿಗೆ ಹಾಕಲು ಹೇಳಿದ್ದರು. ಸದಸ್ಯರ ಮನೆತನದವರನ್ನು ಮಾತ್ರ ಹಾಕುವುದು, ಮಿಕ್ಕವರನ್ನು ಅವರವರ ಕಡೆಯವರು ಸಭೆಯಲ್ಲಿ ಎದ್ದು ಹೇಳಲಿ, ಅದೇ ಚೆನ್ನ ಎಂದು ತೀರ್ಮಾನವಾಗಿತ್ತು. ಅದರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಉಮಾಶ್ರೀ ಮೂರು ವಾರ ಕೂತು ಟೈಪು ಮಾಡಿದಳು. ಶಿವಪ್ರಸಾದನ ಕಾರ್ಡು ಬಂದಾಗ ಓದಿ, ಟೈಪು ಮಾಡದೆ ಬದಿಗಿಟ್ಟು ಮುಂದಿನದನ್ನು ತೆಗೆದಳು. ತನ್ನ ಗಂಡನಿಗೊಂದು ವಿನಾಯಿತಿ ಕೊಡಿ ಎಂದು ಕೇಳುವುದಕ್ಕೂ ಹೆಸರು ಹೇಳಬೇಕಿತ್ತು.

ರಬ್ಬಿ ಲೆನರ್ಡ್ ಹೊಸಬರಿಗಾಗಿ ಹನ್ನೊಂದು ಪುಟ ಬರೆದಿಟ್ಟರು. ಯಾವ ನಲ್ಲಿ ಸೋರುತ್ತದೆ, ಯಾವ ಅಣ್ಣತಮ್ಮಂದಿರನ್ನು ಒಂದೇ ಸಾಲಿನಲ್ಲಿ ಕೂರಿಸಬಾರದು, ಎಲ್ಲ ಇತ್ತು. ಆ ಕಾರ್ಡಿನ ಮಾತಿರಲಿಲ್ಲ. ಡ್ರಾಯರು ಉಮಾಶ್ರೀಯ ಕೈಯಲ್ಲೇ ಇದೆ, ಅವಳ ಗಂಡನ ಹೆಸರು ತಪ್ಪುವುದುಂಟೇ ಎಂದು ಅವರು ಅಂದುಕೊಂಡರು. ಕಾರ್ಡು ಬರೆದದ್ದು ರಬ್ಬಿ, ಹೊಸಬರಿಗೆ ಅವರೇ ಹೇಳಿರುತ್ತಾರೆ ಎಂದು ಅವಳು ಅಂದುಕೊಂಡಳು. ಹನ್ನೊಂದು ಪುಟವನ್ನು ಜೆರಾಕ್ಸು ಮಾಡುವಾಗಷ್ಟೇ ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ರಬ್ಬಿ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗಿದ್ದರು. ಫೋನಿತ್ತು. ಅವಳು ಮಾಡಲಿಲ್ಲ. ಹೋದವರು ಹೋಗಿರಬೇಕು ಎಂಬ ಕಟ್ಟುಪಾಡನ್ನು ತಾನೇ ಮುರಿದಂತಾಗುತ್ತದೆ ಅನ್ನಿಸಿತು. ಬೇಸರವೇನೂ ಆಗಲಿಲ್ಲ. ಆಗಬೇಕಿತ್ತಲ್ಲ ಎಂದುಕೊಂಡು ಸ್ಟೇಪ್ಲರು ಒತ್ತಿದಳು.

ಹೆಸರಿನ ವಾರ ಬಂತು. ಶುಕ್ರವಾರ ಕೆಲಸ ಮುಗಿದ ಹಳೆಯ ಕಾರ್ಡುಗಳು ರೀಸೈಕಲ್ ಡಬ್ಬಿಗೆ ಹೋದವು. ಒಂದು ಮಾತ್ರ ಅವಳ ಪರ್ಸಿನಲ್ಲಿ ಉಳಿಯಿತು. ಶನಿವಾರ ಬೆಳಗ್ಗೆ ಶರಣವ್ವ ಇಳಕಲ್ ಸೀರೆ ಉಟ್ಟು, ಎಂಬತ್ತಮೂರರ ಕಾಲಿಗೆ ಶೂ ಹಾಕಿಕೊಂಡು, ಕರೆಯುವ ಮುಂಚೆಯೇ ಕಾರಿನಲ್ಲಿ ಕೂತಿದ್ದಳು. ಹೆಸರು ಬರುವುದಿಲ್ಲ, ನೀವೇ ಎದ್ದು ಹೇಳಿ ಎಂದು ಅವಳಿಗೆ ಹೇಳಲು ಉಮಾಶ್ರೀಗೆ ದಾರಿಯುದ್ದಕ್ಕೂ ಸಮಯವಿತ್ತು. ಫ್ರೀವೇಯಲ್ಲಿ ಲೇನು ಬದಲಿಸಿದಳು. ಹೇಳಲಿಲ್ಲ.

ರಬ್ಬಿ ತಾಲ್ಯಾ ಪಟ್ಟಿ ಓದಿದರು. ಒಂಬತ್ತು ಹೆಸರು. ಉಮಾಶ್ರೀಯೇ ಪ್ರಿಂಟು ತೆಗೆದ ಹಾಳೆ, ಮುಂದಿನದು ಯಾವುದೆಂದು ಅವಳಿಗೆ ಗೊತ್ತಿತ್ತು. ಒಂಬತ್ತನೆಯದಾದ ಮೇಲೆ ಶರಣವ್ವನ ಮೊಣಕೈ ತಿವಿಯಿತು.

"ಬರಲಿಲ್ಲಲ್ಲ ಉಮಾ."

"ಇನ್ನೂ ಅದಾವ್ರಿ."

ಹಾಳೆಯಲ್ಲಿ ಇಲ್ಲದ ಹೆಸರು ಯಾರಿಗಾದರೂ ಹೇಳುವುದಿದೆಯೇ ಎಂದು ರಬ್ಬಿ ಕೇಳಿದರು. ಮುಂದಿನ ಸಾಲಿನಿಂದ ಒಬ್ಬರು ಹೇಳಿದರು, ಕಿಟಕಿಯ ಕಡೆಯಿಂದ ಇನ್ನೊಬ್ಬರು. ಆಮೇಲೆ ಯಾರೂ ಹೇಳಲಿಲ್ಲ. ರಬ್ಬಿ ಪುಸ್ತಕದ ಪುಟ ತಿರುವಲು ಕೈ ಇಟ್ಟರು. ಆ ಪುಟ ತಿರುಗಿದರೆ ಈ ವರ್ಷಕ್ಕೆ ಮುಗಿಯಿತು. ಪಕ್ಕದಲ್ಲಿ ಮುದುಕಿ ಕಿವಿ ಮುಂದೆ ಮಾಡಿ ಕಾಯುತ್ತಿದ್ದಳು.

ಉಮಾಶ್ರೀ ಎದ್ದಳು. ಬಾಯಿ ತೆರೆಯಲಿಲ್ಲ. ಸಾಲು ದಾಟಿ, ನಡುವಿನ ದಾರಿಯಲ್ಲಿ ಮುಂದಿನವರೆಗೂ ನಡೆದು, ಪರ್ಸಿನಿಂದ ಕಾರ್ಡು ತೆಗೆದು ರಬ್ಬಿಯ ಮುಂದೆ ಹಿಡಿದಳು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಹಿಡಿದಂತೆಯೇ.

ರಬ್ಬಿ ತಾಲ್ಯಾ ಓದಿದರು. ಹಳೆಯ ರಬ್ಬಿಯ ಅಕ್ಷರ ನೋಡಿದರು, ಮೂಲೆಯ ಚಂದ್ರನನ್ನು ನೋಡಿದರು, ತುಟಿಯಲ್ಲೇ ಒಂದು ಸಲ ಹೇಳಿ ನೋಡಿ ನಿಲ್ಲಿಸಿದರು. ಆಮೇಲೆ ಕಾರ್ಡನ್ನು ಅವಳ ಕೈಗೇ ವಾಪಸು ಇಟ್ಟರು.

"ನನ್ನ ಬಾಯಲ್ಲಿ ಇದು ಮುರಿದುಹೋಗುತ್ತೆ," ಎಂದರು ಮೆಲ್ಲಗೆ. "ನೀವು ಹೇಳಿ. ನಾವು ಕಾಯ್ತೀವಿ."

ಅವರು ಕಾದರು. ಉಮಾಶ್ರೀ ಬೆಳ್ಳಿಯ ಬಟ್ಟಲನ್ನು ಹುಡುಕಿದಳು, ಬೆಲ್ಲ ಕೊಬ್ಬರಿಯನ್ನು ಹುಡುಕಿದಳು. ಇಂಥ ಕೆಲಸಕ್ಕೆ ಹೊಂದುವ ಪ್ರಾಸ ಯಾವುದೂ ಸಿಗಲಿಲ್ಲ.

"ಶಿವಪ್ರಸಾದ," ಎಂದಳು. ದನಿ ಬೇರೆ ಯಾರದೋ ಅನ್ನುವಂತೆ ಕೇಳಿಸಿತು. "ಶಿವಪ್ರಸಾದ ಸೋಮಲಿಂಗಪ್ಪ ಹಳ್ಳಿಕೇರಿ."

ಹೆಸರು ಬಂದ ಮನೆಯವರೆಲ್ಲ ಎದ್ದರು. ಪ್ರಾರ್ಥನೆ ನಡೆಯಿತು, ಕೂತವರು ದನಿಗೂಡಿಸಿದರು. ಈಗಾದರೂ ಕಣ್ಣಿಗೆ ನೀರು ಬರಬಹುದೆಂದು ಅವಳು ನಿಂತು ಕಾದಳು. ಬರಲಿಲ್ಲ. ಬೆಂಚಿಗೆ ಮರಳಿ ಕೂತಾಗ ಅಂಗೈಯಲ್ಲಿ ಕಾರ್ಡಿನ ಅಂಚು ಗೆರೆ ಕೊರೆದದ್ದು ಕಂಡಿತು. ಮುಟ್ಟಿ ನೋಡಿದಳು. ಸ್ವಲ್ಪ ಉರಿಯುತ್ತಿತ್ತು.

ಶರಣವ್ವ ಅವಳ ಕಡೆ ತಿರುಗಿದಳು.

"ಒಡಪಿಲ್ದನ ಹೇಳಿಬಿಟ್ಟಿ," ಎಂದಳು.

"ಹೂನ್ರಿ ಅತ್ತಿ."

"ಇರಲಿ ಬಿಡು. ಬಾಗಿಲಾ ತಡಿಯಾವ್ರು ಯಾರಿದ್ರು ಅಲ್ಲೆ." ಸೀರೆಯ ಸೆರಗು ಎಳೆದುಕೊಂಡು ಮುದುಕಿ ಬೆಂಚು ಹಿಡಿದು ಏಳತೊಡಗಿದಳು. "ಮುಂದಿನ ವರ್ಷ ಒಂಚೂರು ಜೋರ್ಲೆ ಹೇಳು. ಹಿಂದ ಕೂತಾವ್ರಿಗೆ ಕೇಳಸಂಗಿಲ್ಲ."